ಪವನನ ಎದೆಯ ಮೇಲಿನ ಗೆರೆ

ಸೇಂಟ್ ಲೂಸಿಯಾ, ಬ್ರಿಸ್ಬೇನ್
೧೦ ಮಾರ್ಚ್ ೨೦೨೪, ಭಾನುವಾರ

ಅಮ್ಮಾ,

ನಮಸ್ಕಾರ. ಫೆಬ್ರವರಿಯ ಕಾಗದ ಬರಲೇ ಇಲ್ಲ ಅಂತ ನೀನು ಪಕ್ಕದ ಮನೆ ಲೀಲಾ ಆಂಟಿ ಹತ್ತಿರ ದೂರಿದ್ದು ನನ್ನ ಕಿವಿಗೆ ಬಿತ್ತು. ತಪ್ಪು ನನ್ನದೇ. ತಿಂಗಳಿಗೊಂದು ಕಾಗದ, ಅದೂ ಕನ್ನಡದಲ್ಲಿ, ಅದೂ ಕೈಬರಹದಲ್ಲಿ ಅನ್ನೋ ನಿನ್ನ ಷರತ್ತಿಗೆ ಒಪ್ಪಿಕೊಂಡೇ ನಾನು ನಿನ್ನನ್ನು ಅಡಿಲೇಡಿನಲ್ಲೇ ಬಿಟ್ಟು ಇಲ್ಲಿಗೆ ಬಂದದ್ದು. ಏನು ಮಾಡಲಿ, ಈ ಹೊಸ ಕೆಲಸ ನನ್ನನ್ನು ಹಿಡಿದುಕೊಂಡುಬಿಟ್ಟಿದೆ. ಏನು ಕೆಲಸ ಅಂತ ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ಹಳೇ ಕಾಗದ ಜೋಡಿಸೋದು" ಅಂದು ಮುಗಿಸಿದ್ದೆ. ಈಗ ಸರಿಯಾಗಿ ಹೇಳ್ತೀನಿ.

ಮಾರ್ಗರೆಟ್ ಹೆಲ್ಲಿಯರ್ ಅಂತ ಒಬ್ಬಾಕೆ ಇದ್ದರು. ಮೊದಲು ಲ್ಯಾಬ್ ಟೆಕ್ನಿಷಿಯನ್. ಆಮೇಲೆ, ಹಳದಿ ಜ್ವರದ ಸಂಶೋಧನೆ ಹೇಗೆ ನಡೆಯಿತು ಅನ್ನೋ ಚರಿತ್ರೆ ಬರೀಬೇಕು ಅಂತ ಹಟ ಹಿಡಿದು ಪ್ರಪಂಚದ ಮೂಲೆಮೂಲೆಯ ವಿಜ್ಞಾನಿಗಳಿಗೆ, ಅವರ ಹೆಂಡತಿಯರಿಗೆ, ಮಕ್ಕಳಿಗೆ, ಲ್ಯಾಬಿನಲ್ಲಿ ಬಾಟಲಿ ತೊಳೆದವರಿಗೆ ಕೂಡ ಕಾಗದ ಬರೆದರು. ಅವರೂ ಉತ್ತರ ಬರೆದರು, ಮನೆಯಲ್ಲಿದ್ದ ಹಳೆಯ ಪತ್ರಗಳನ್ನು ಕಳಿಸಿಕೊಟ್ಟರು. ಹೀಗೆ ಇಡೀ ಒಂದು ಜೀವಮಾನ ಕಳೆಯಿತು. ಪುಸ್ತಕ ಮಾತ್ರ ಬರೆಯಲಿಲ್ಲ. ಹೋದ ವರ್ಷ ತೀರಿಕೊಂಡರು. ಆ ಪತ್ರಗಳೆಲ್ಲ ಈಗ ನಾನು ಕೆಲಸ ಮಾಡೋ ಪತ್ರಾಗಾರಕ್ಕೆ ಬಂದಿವೆ. ಒಂದೊಂದನ್ನೂ ಓದಿ, ಯಾರು ಯಾರಿಗೆ ಯಾವಾಗ ಬರೆದದ್ದು, ವಿಷಯ ಏನು ಅಂತ ಗುರುತುಮಾಡಿ ಇಡೋದು ನನ್ನ ಪಾಲಿನ ಕೆಲಸ.

ಹಳದಿ ಜ್ವರ ಅಂದರೆ ಕಾಮಾಲೆ ತಾನೆ, ನೆಲನೆಲ್ಲಿ ಅರೆದು ಕುಡಿಸಿದರೆ ಹೋಗುತ್ತೆ ಅಂತೀಯ ನೀನು. ಅಲ್ಲಮ್ಮ. ಇದು ಸೊಳ್ಳೆಯಿಂದ ಬರೋದು. ಆಫ್ರಿಕಾದಲ್ಲಿ, ದಕ್ಷಿಣ ಅಮೆರಿಕಾದಲ್ಲಿ ಇದೆ. ನಮ್ಮ ಇಂಡಿಯಾಕ್ಕೆ ಯಾಕೋ ಕಾಲಿಟ್ಟಿಲ್ಲ. ಇದರದ್ದೊಂದು ಮೋಸ ಇದೆ. ಮೂರ್ನಾಲ್ಕು ದಿನ ಸುಟ್ಟು, ಆಮೇಲೆ ಒಂದು ದಿನ ಜ್ವರ ಪೂರ್ತಿ ಬಿಟ್ಟುಬಿಡುತ್ತೆ. ರೋಗಿ ಎದ್ದು ಕೂತು ಗಂಜಿ ಕೇಳ್ತಾನೆ. ಮನೆಯವರು ದೇವರಿಗೆ ಕೈಮುಗೀತಾರೆ. ಎಷ್ಟೋ ಜನಕ್ಕೆ ಅಲ್ಲಿಗೆ ಮುಗೀತು. ಕೆಲವರಿಗೆ ಮಾತ್ರ ಮಾರನೇ ದಿನ ತಿರುಗಿ ಬರುತ್ತೆ. ಕಣ್ಣು ಹಳದಿಯಾಗುತ್ತೆ, ರಕ್ತ ಕಾರ್ತಾರೆ. ಅದನ್ನು ಪತ್ತೆ ಮಾಡೋಕೆ ಅಂತ ಹೋದವರಲ್ಲೇ ಎಷ್ಟು ಜನ ಅದೇ ಜ್ವರಕ್ಕೆ ಹೋದರೋ.

ಎಲ್ಲ ಪತ್ರಗಳೂ ಅಳು ಬರಿಸೋವಲ್ಲ. ಒಬ್ಬ ವಿಜ್ಞಾನಿಯ ಹೆಂಡತಿ ತನ್ನ ತಂಗಿಗೆ ಬರೀತಾಳೆ: ಗಂಡ ಪ್ರಯೋಗಕ್ಕೆ ತರಿಸಿದ ಕೋತಿಗಳಿಗೆ ಲ್ಯಾಬಿನಲ್ಲಿ ಜಾಗ ಸಾಲದೆ ನಮ್ಮ ಬಚ್ಚಲಿನಲ್ಲಿ ಕಟ್ಟಿದಾರೆ, ಹದಿನೈದು ದಿನದಿಂದ ನಾನು ಪಕ್ಕದ ಮನೆಯಲ್ಲಿ ಸ್ನಾನ ಮಾಡ್ತಿದೀನಿ ಅಂತ. ಓದಿ ನಾನೊಬ್ಬಳೇ ಕೂತು ನಕ್ಕೆ. ಅದರ ಪಕ್ಕದ ಫೋಲ್ಡರಿನಲ್ಲಿ ಆಫ್ರಿಕಾದ ಕರಾವಳಿಯಿಂದ ಒಬ್ಬ ಹುಡುಗ ಡಾಕ್ಟರು ತಾಯಿಗೆ ಬರೆದ ಕಾಗದಗಳು. ಕೊನೆಯದರಲ್ಲಿ "ಇವತ್ತು ಜ್ವರ ಬಿಟ್ಟಿದೆ, ಸೂಪು ಕುಡಿದೆ, ಯೋಚನೆ ಮಾಡಬೇಡ" ಅಂತಿದೆ. ಅದರ ಕೆಳಗಿನ ಕಾಗದ ಬೇರೆ ಕೈಬರಹದ್ದು. ಅವನ ಮೇಲಧಿಕಾರಿ ಆ ತಾಯಿಗೆ ಬರೆದದ್ದು.

ಪರ್ತ್‌ನಿಂದ ನಿನ್ನ ಮಗರಾಯ ಪವನ ಫೋನ್ ಮಾಡಿ ನಿನಗೆ ಹೇಳಿರಬೇಕು. ಅವನ ಗಣಿ ಕಂಪನಿ ಅವನನ್ನು ಗಿನಿಗೆ ಕಳಿಸುತ್ತಿದೆ. ಪಶ್ಚಿಮ ಆಫ್ರಿಕಾ, ಕಬ್ಬಿಣದ ಅದಿರು, ಎರಡು ವರ್ಷ. ಕಲ್ಲು ನೋಡೋಕೆ ಅಂತಲೇ ಹುಟ್ಟಿದವನು, ಕುಣೀತಾ ಇದಾನೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಕಾರ್ಡ್ ಇಲ್ಲದೆ ಆ ದೇಶದೊಳಗೆ ಬಿಡೋದಿಲ್ಲ. "ನನ್ನ ಪೆಟ್ಟಿಗೆಗಳಲ್ಲಿರೋ ಅಷ್ಟು ಜನ ಪ್ರಾಣ ಕೊಟ್ಟಿದ್ದು ನಿನಗೆ ಆ ಒಂದು ಇಂಜೆಕ್ಷನ್ ಸಿಗಲಿ ಅಂತ ಕಣೋ" ಅಂದೆ. "ಥ್ಯಾಂಕ್ಸ್ ಹೇಳಿಬಿಡು ಅವರಿಗೆ" ಅಂದ.

ನಿನ್ನ ಮಂಡಿನೋವು ಹೇಗಿದೆ? ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಲ್ಲಿ ಹುಣಸೆಹಣ್ಣು ಹೊಸದು ಬಂದಿದ್ದರೆ ನನಗೂ ಒಂದು ಕಟ್ಟು ತೆಗೆದಿಡು.

ನಿನ್ನ
ಅಪೂರ್ವ

—

ಪರ್ತ್, ಆಸ್ಪತ್ರೆಯಿಂದ
೨೨ ಮಾರ್ಚ್ ೨೦೨೪, ಶುಕ್ರವಾರ

ಅಮ್ಮಾ,

ನಿನ್ನೆ ಆ ಮಾತಾದ ಮೇಲೆ ನೀನು ಫೋನ್ ಎತ್ತುತ್ತಿಲ್ಲ. ಲೀಲಾ ಆಂಟಿ ನಿನ್ನ ಜೊತೆಯಲ್ಲೇ ಇದಾರೆ, ನೀನು ದೇವರ ಮುಂದೆ ಕೂತವಳು ಎದ್ದಿಲ್ಲ ಅಂದರು. ಗಂಟೆಗಂಟೆಯ ಸುದ್ದಿ ಅವರಿಗೆ ಮೆಸೇಜ್ ಮಾಡ್ತಿರ್ತೀನಿ. ಇದನ್ನು ಎಕ್ಸ್‌ಪ್ರೆಸ್ ಪೋಸ್ಟಿಗೆ ಹಾಕ್ತೀನಿ. ಫೋನಿನಲ್ಲಿ ನಾವಿಬ್ಬರೂ ಯಾವತ್ತೂ ಪೂರ್ತಿ ಮಾತಾಡಿದವರಲ್ಲ. ಒಬ್ಬರು ಅಳ್ತೀವಿ, ಇನ್ನೊಬ್ಬರು ಇಟ್ಟುಬಿಡ್ತೀವಿ. ಕಾಗದವನ್ನಾದರೂ ಕೊನೆವರೆಗೆ ಓದ್ತೀಯ ಅಂತ ಬರೀತಿದೀನಿ. ಏನಾಯಿತು ಅಂತ ಮೊದಲಿಂದ ಹೇಳ್ತೀನಿ, ನಿನಗೆ ಗೊತ್ತಿರೋದು ತುಂಡುತುಂಡು.

ಮಂಗಳವಾರ ಬೆಳಿಗ್ಗೆ "ಇತರೆ" ಅಂತ ಬರೆದಿದ್ದ ಒಂದು ಪೆಟ್ಟಿಗೆ ತೆಗೆದೆ. ಕ್ವೀನ್ಸ್‌ಲ್ಯಾಂಡಿನ ಯಾವುದೋ ಸಣ್ಣ ಊರಿನ ಒಬ್ಬ ಡಾಕ್ಟರು, ಬ್ರೂಸ್ ಟಲ್ಲೋಕ್ ಅಂತ, ಮಾರ್ಗರೆಟ್‌ಗೆ ಬರೆದ ಪತ್ರಗಳು. ಇಪ್ಪತ್ತು ವರ್ಷದ ಹಿಂದಿನವು. ಅವರ ಹತ್ತಿರ ಬರುತ್ತಿದ್ದ ರೈತನೊಬ್ಬ ಬ್ರೆಜಿಲ್‌ನಲ್ಲಿದ್ದ ಮಗಳ ಮನೆಗೆ ಹೊರಟು, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ. ವಾರ ಕಳೆಯೋದರೊಳಗೆ ತೀರಿಕೊಂಡ. ಆ ಲಸಿಕೆಯಲ್ಲಿರೋದು ಅದೇ ರೋಗದ ಜೀವಂತ ವೈರಸ್, ಕೈಕಾಲು ಕಟ್ಟಿ ಸೋಲಿಸಿಟ್ಟ ವೈರಸ್. ಲಕ್ಷಾಂತರ ಜನಕ್ಕೆ ಅದು ಏನೂ ಮಾಡೋದಿಲ್ಲ. ಇವನ ಮೈಯಲ್ಲಿ ಮಾತ್ರ ಕಟ್ಟು ಬಿಚ್ಚಿಕೊಂಡು ಓಡಾಡಿತ್ತು. ಯಾಕೆ ಅಂತ ಟಲ್ಲೋಕ್ ಎಲ್ಲರಿಗೂ ಬರೆದು ಕೇಳಿದಾರೆ. ಒಂದು ಪತ್ರದಲ್ಲಿ ಹೀಗಿತ್ತು: "ಅವನಿಗೆ ಯೌವನದಲ್ಲಿ ಸಂಜೆಯಾದರೆ ಕಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು. ಎದೆ ಸೀಳಿ, ರೋಗದ ಜೊತೆ ಹೋರಾಡೋಕೆ ಮೈಗೆ ಕಲಿಸೋ ಥೈಮಸ್ ಅನ್ನೋ ಗ್ರಂಥಿ ತೆಗೆದಿದ್ದರು. ಎದೆಯ ನಟ್ಟನಡುವೆ ಉದ್ದ ಗೆರೆ. ಲಸಿಕೆ ಚುಚ್ಚಿದವರ ತಪ್ಪಲ್ಲ, ಚುಚ್ಚಿಸಿಕೊಂಡವನ ತಪ್ಪೂ ಅಲ್ಲ. ಆ ಗೆರೆ ಯಾಕೆ ಬಂತು ಅಂತ ಕೇಳಬೇಕು ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ."

ಗೆರೆ ಓದಿದಾಗ ನನಗೆ ಏನೂ ಅನ್ನಿಸಲಿಲ್ಲಮ್ಮ. ಪವನನ ಎದೆಯ ಗೆರೆ ಹೃದಯದ ತೂತು ಮುಚ್ಚಿದ್ದು ಅಂತ ನಾನು ಇಪ್ಪತ್ತಾರು ವರ್ಷದಿಂದ ನಂಬಿದವಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ರೆಪ್ಪೆ. ಹೈಸ್ಕೂಲಿನಲ್ಲಿ ಅವನನ್ನು "ತೂಕಡಿಕೆ" ಅಂತ ಕರೀತಿದ್ದರಲ್ಲ. ಸಂಜೆ ಟ್ಯೂಷನ್ನಿಂದ ಬಂದರೆ ಒಂದು ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಚಪಾತಿ ಅಗಿಯೋಕೆ ಸುಸ್ತು ಅಂತ ತಟ್ಟೆ ಸರಿಸುತ್ತಿದ್ದ. ಹೃದಯದ ತೂತಿಗೂ ಕಣ್ಣಿನ ರೆಪ್ಪೆಗೂ ಏನು ಸಂಬಂಧ?

ಪತ್ರಗಳಲ್ಲಿರೋ ರೋಗಿಗಳ ವಿಷಯ ಹೊರಗೆ ಆಡಬಾರದು ಅನ್ನೋದು ನಮ್ಮಲ್ಲಿ ನಿಯಮ. ಆ ರೈತನ ಹೆಸರನ್ನು ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳೋದಿಲ್ಲ. ಥೈಮಸ್ ಅನ್ನೋ ಒಂದೇ ಪದ ತಗೊಂಡು ಹೊರಗೆ ಓಡಿದೆ.

ಪವನನ ಫೋನ್ ಆಫ್. ನಿನ್ನ ಸೊಸೆ ಭಾವನಾಗೆ ಮಾಡಿದೆ. "ಇಂಜೆಕ್ಷನ್ನಾ? ಹೋದ ಗುರುವಾರನೇ ಹಾಕಿಸ್ಕೊಂಡ್ರಲ್ಲ ಅಕ್ಕ. ನಿನ್ನೆ ಬೆಳಿಗ್ಗೆ ಪಿಲ್ಬರಾ ಗಣಿಗೆ ಹಾರಿದ್ರು, ಅಲ್ಲಿ ಇದೇ ಕೊನೇ ಪಾಳಿ. ಯಾಕೆ?" ಅಂದಳು. ಏನು ಹೇಳಲಿ ಅವಳಿಗೆ. "ಹೀಗೇ" ಅಂದೆ. ಸುಳ್ಳು ಹೇಳೋದು ಎಷ್ಟು ಸುಲಭ ಅಂತ ಆಗ ಗೊತ್ತಾಯಿತು.

ಮಧ್ಯಾಹ್ನದ ಮೇಲೆ ಅವನೇ ಮಾಡಿದ.

"ಏನಕ್ಕಾ, ಇಷ್ಟೊಂದ್ ಮಿಸ್ಡ್ ಕಾಲ್?"

"ಹೇಗಿದೀಯೋ?"

"ತಲೆನೋವು. ಮೈಕೈ ಎಲ್ಲ ಹಿಡ್ಕೊಂಡಿದೆ. ಇಲ್ಲಿ ಬಿಸಿಲೂ ಹಂಗೇ ಇದೆ. ಪ್ಯಾನಡಾಲ್ ತಗೊಂಡಿದೀನಿ, ಬಿಡು."

"ಇಂಜೆಕ್ಷನ್ ಕೊಡೋವಾಗ ಥೈಮಸ್ ಅಂತ ಏನಾದ್ರೂ ಕೇಳಿದ್ರಾ?"

"ಕೇಳಿದ್ರು. ಇಲ್ಲ ಅಂದೆ. ಹಾಗಂದ್ರೇನು ಅಂತಾನೇ ನಂಗೊತ್ತಿಲ್ಲ. ಚಿಕ್ಕೋನಿದ್ದಾಗ ಹಾರ್ಟ್‌ನಲ್ಲಿ ಹೋಲ್ ಇತ್ತು, ಮುಚ್ಚಿದಾರೆ ಅಂತ ನಾನೇ ಹೇಳ್ದೆ. ಅದಕ್ಕೇನೂ ತೊಂದರೆ ಇಲ್ಲ ಅಂದ್ರು."

ಕೇಳಬೇಕಾದ್ದನ್ನು ಅವರು ಕೇಳಿದ್ದರಮ್ಮ. ಈಗ ಎಲ್ಲ ಕಡೆ ಕೇಳ್ತಾರಂತೆ. ಅವನೂ ನಿಜವನ್ನೇ ಹೇಳಿದ್ದ, ತನಗೆ ಗೊತ್ತಿದ್ದ ನಿಜವನ್ನು.

ಅಲ್ಲಿನ ನರ್ಸ್ ಹತ್ತಿರ ಈಗಲೇ ಹೋಗು, ಇಷ್ಟು ಹೇಳು ಅಂತ ಗದರಿದೆ. ಅವನು ನಕ್ಕ, "ನಿನ್ನ ಹಳೇ ಕಾಗದದ ದೆವ್ವ ನನ್ನ ಮೈಮೇಲೆ ಬಿಡಬೇಡ" ಅಂದ. ಆದರೂ ಹೋದ. ಬುಧವಾರ ಬೆಳಗಿನ ಹೊತ್ತಿಗೆ ಜ್ವರ ಸುಡುತ್ತಿತ್ತು. ಅಂಥ ದೂರದ ಜಾಗಗಳಿಗೆ ಡಾಕ್ಟರೇ ವಿಮಾನದಲ್ಲಿ ಬರ್ತಾರಲ್ಲ, ಆ ವಿಮಾನದಲ್ಲಿ ಅವನನ್ನು ಪರ್ತ್‌ಗೆ ತಂದರು. ನಾನು ಇತ್ತ ಬ್ರಿಸ್ಬೇನಿನಿಂದ ಹತ್ತಿದೆ. ಇಡೀ ದೇಶ ದಾಟಬೇಕು. ಕಿಟಕಿಯಿಂದ ಕೆಳಗೆ ನೋಡಿದರೆ ಬರೀ ಕೆಂಪು ನೆಲ. ಆ ಹುಡುಗ ಡಾಕ್ಟರ ತಾಯಿಗೆ ಕಾಗದ ತಲುಪೋಕೆ ಎಷ್ಟು ವಾರ ಹಿಡಿಯಿತೋ ಅಂತ ಬೇಡ ಬೇಡ ಅಂದರೂ ಅದೇ ಯೋಚನೆ.

ನಿನ್ನೆ ಬೆಳಿಗ್ಗೆ ಇಲ್ಲಿಗೆ ಬಂದಾಗ ಭಾವನಾ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ನೋಡಿಕೊಳ್ಳುತ್ತಿರೋ ಡಾಕ್ಟರು ನಮ್ಮವರೇ, ರಮಾಕಾಂತ್ ಅಂತ. ಧಾರವಾಡದವರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡ್ರಿ, ಸ್ಕ್ಯಾನ್ ಮಾಡೇವಿ. ಇವರ ಹೃದಯ ಯಾರೂ ಮುಟ್ಟಿಲ್ಲ. ಎದಿ ತಗದು ಥೈಮಸ್ ಅಷ್ಟ ತಗದಾರ. ಯಾಕ ತಗದ್ರು ಅನ್ನೋದು ನನಗ ಬೇಕು. ಇವರಿಗೆ ಎದಿಯೊಳಗ ಸೋಂಕೂ ಆದಂಗ ಕಾಣ್ತದ. ನಾ ಕೊಡಬೇಕಂತ ಮಾಡಿದ ಔಷಧ, ಒಂದು ನರದ ರೋಗ ಇದ್ದವರಿಗೆ ಕೊಟ್ರ ಉಸಿರ ನಿಂತು ಹೋಗ್ತದ. ಆ ರೋಗ ಇತ್ತೋ ಇಲ್ಲೋ, ಹೇಳೋರು ಯಾರರ ಅದಾರೇನು?"

ಹೇಳೋಳು ನೀನೊಬ್ಬಳೇ. ಅಪ್ಪ ಇಲ್ಲ. ಆಪರೇಷನ್ ಆದಾಗ ನಾನು ಡಿಗ್ರಿ ಪರೀಕ್ಷೆ ಅಂತ ಮೈಸೂರಲ್ಲಿ ಪಾರ್ವತಿ ಅತ್ತೆ ಮನೆಯಲ್ಲಿದ್ದೆ. ನೀವು ಮೂವರೂ ಬೆಂಗಳೂರಲ್ಲಿ. ಹಾಗಾಗಿ ಪವನನ ಮಂಚದ ಪಕ್ಕದಿಂದಲೇ ನಿನಗೆ ಫೋನ್ ಮಾಡಿದೆ. ಡಾಕ್ಟರಿಗೆ ಕೇಳಲಿ ಅಂತ ಸ್ಪೀಕರ್ ಹಾಕಿದ್ದೆ. ಅವನು ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆ ಅಂದುಕೊಂಡೆ.

"ಹೃದಯದಲ್ಲಿ ತೂತಿತ್ತು. ಎಷ್ಟು ಸಲ ಹೇಳ್ಬೇಕು ನಿನಗೆ" ಅಂದೆ ನೀನು.

"ಸ್ಕ್ಯಾನ್ ಮಾಡಿದಾರಮ್ಮ. ಹೃದಯ ಯಾರೂ ಮುಟ್ಟಿಲ್ಲ."

"ಇಷ್ಟು ವರ್ಷದ ಮೇಲೆ ಗುರುತು ಎಲ್ಲಿ ಉಳಿಯುತ್ತೆ? ಆ ಡಾಕ್ಟ್ರಿಗೆ ಏನು ಗೊತ್ತು?"

ನಾನು ಕೂಗೋದರಲ್ಲಿದ್ದೆ. ರಮಾಕಾಂತ್ ಕೈಚಾಚಿ ಫೋನ್ ತಗೊಂಡರು. "ಅಮ್ಮಾರ, ನಮಸ್ಕಾರ. ನಾ ಯಾರ ತಪ್ಪು ಹುಡಕಲಿಕ್ಕೂ ಕೇಳವಲ್ಲೆ. ನಿಮ್ಮ ಮಗಗ ಈಗ ಒಂದು ಔಷಧ ಕೊಡಬೇಕಾಗೇದ. ನೀವು ಹೇಳೋದರ ಮ್ಯಾಲೆ ಕೊಡೋದೋ ಬಿಡೋದೋ ನಿಂತದ. ನಾ ಕಾಯ್ತೀನಿ, ನೀವು ವಿಚಾರ ಮಾಡಿ ಹೇಳ್ರಿ" ಅಂದರು.

ನಿನ್ನ ಮನೆಯ ಗೋಡೆ ಗಡಿಯಾರದ ಸದ್ದು ನಮಗೆ ಇಲ್ಲಿ ಕೇಳಿಸುತ್ತಿತ್ತು. ಆಮೇಲೆ ನೀನು ಅಂದೆ, "ಮಯಸ್ತೀನಿಯಾ ಗ್ರೇವಿಸ್."

ರೆಪ್ಪೆ ಜೋತುಬೀಳಿಸೋ ಆ ನರದ ರೋಗದ ಹೆಸರನ್ನು ನೀನು ಒಂದಕ್ಷರ ತಡವರಿಸದೆ ಹೇಳಿದೆ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳದೆ, ಮರೆಯದೆ ಹೇಗೆ ಇಟ್ಟುಕೊಂಡಿದ್ದೆಯಮ್ಮ?

ಉಳಿದದ್ದನ್ನೂ ನೀನೇ ಹೇಳಿದೆ. ಥೈಮಸ್‌ನಲ್ಲಿ ಗೆಡ್ಡೆ ಇತ್ತು, ತೆಗೆದರು, ಎರಡು ವರ್ಷ ಮಾತ್ರೆ ಕೊಟ್ವಿ, ವಿಟಮಿನ್ ಅಂತ ಹೇಳಿ ಕೊಟ್ವಿ, ಆಮೇಲೆ 'ಇನ್ನು ಬೇಡ' ಅಂದ್ರು ಅಂತ. ಹೃದಯದ ತೂತು ಅಂತ ಯಾಕೆ ಸುಳ್ಳು ಹೇಳಿದಿರಿ ಅಂತ ಯಾರೂ ಕೇಳಲಿಲ್ಲ, ನೀನೇ ಅಂದೆ, "ತೂತು ಮುಚ್ಚಿದ್ರೆ ಅಲ್ಲಿಗೆ ಮುಗೀತು. ನರದ ಕಾಯಿಲೆ ಅಂದ್ರೆ ಇಡೀ ಮನೆತನಕ್ಕೇ ಅಂಟುತ್ತೆ."

ಡಾಕ್ಟರು "ಇಷ್ಟ ಬೇಕಾಗಿತ್ತು, ಉಪಕಾರ ಆತು" ಅಂದು ಅಲ್ಲಿಂದಲೇ ನರ್ಸಿಗೆ ಆ ಔಷಧ ಬೇಡ ಅಂದರು. ಆಗ ಪವನ ಕಣ್ಣು ಮುಚ್ಚಿಕೊಂಡೇ ಹೇಳಿದ, "ಅದು ವಿಟಮಿನ್ ಅಲ್ವಾ? ಕಹಿ ಅಂತ ಎಷ್ಟೋ ದಿನ ಕಿಟಕಿಯಿಂದ ಎಸ್ದಿದೀನಿ."

"ಅವನು ಕೇಳಿಸ್ಕೊಳ್ತಿದಾನಾ?" ಅಂದೆ ನೀನು. ಅಷ್ಟರಲ್ಲಿ ಫೋನ್ ಕಟ್ಟಾಯಿತು.

ಭಾವನಾ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. "ಹದಿನಾರು ವರ್ಷದಿಂದ ದಿನಾ ನೋಡ್ತಿದೀನಿ ಆ ಗೆರೇನ" ಅಂದಳು.

ರಕ್ತದಲ್ಲಿ ಲಸಿಕೆಯ ವೈರಸ್ ಸಿಕ್ಕಿದೆ. ಲಿವರ್‌ಗೆ ಪೆಟ್ಟು ಬೀಳುತ್ತಿದೆ. ಇದಕ್ಕೆ ಅಂತ ಮದ್ದಿಲ್ಲ, ಮೈಯನ್ನು ಹಿಡಿದು ನಿಲ್ಲಿಸಿ ಕಾಯಬೇಕು ಅಂತಾರೆ. ಲಸಿಕೆಯನ್ನು ಬಯ್ಯೋಕೆ ಹೋದ ಭಾವನಾಗೆ ರಮಾಕಾಂತ್ ಹೇಳಿದರು, "ಲಸಿಕಿ ಛಲೋನ ಅದ ತಂಗಿ, ಕೋಟಿಗಟ್ಟಲೆ ಮಂದಿ ಉಳಿಸ್ಯದ. ಇವರಿಗೆ ಕೊಡಬಾರದಿತ್ತು, ಅಷ್ಟ."

ಶರ್ವಾಣಿ ಸ್ಕೂಲ್ ಯೂನಿಫಾರ್ಮಿನಲ್ಲೇ ಬಂದಿದ್ದಳು. ಹದಿಮೂರಕ್ಕೆ ನನ್ನ ಹೆಗಲಿಗೆ ಬಂದಿದಾಳೆ. "ಅತ್ತೆ, ಈಸ್ ಡ್ಯಾಡ್ ಗೋಯಿಂಗ್ ಟು ಡೈ?" ಅಂತ ಕೇಳಿದಳು. ನಾನು ಕನ್ನಡದಲ್ಲಿ ಗೊತ್ತಿಲ್ಲ ಪುಟ್ಟಿ ಅಂದೆ. ಸುಳ್ಳು ಹೇಳೋಕೆ ನನಗೆ ಆಗಲಿಲ್ಲ.

ಈಗ ತಾನೇ ನರ್ಸ್ ಬಂದು ನಗುತ್ತಾ ಹೇಳಿದಳು, ಜ್ವರ ಪೂರ್ತಿ ಬಿಟ್ಟಿದೆ, ಎದ್ದು ಕೂತಿದಾನೆ, ಸೂಪ್ ಕೇಳ್ತಿದಾನೆ ಅಂತ. ಭಾವನಾ ಮಗಳನ್ನು ತಬ್ಬಿಕೊಂಡು ಅಳುತ್ತಿದಾಳೆ. ನನಗೆ ಅಲ್ಲಿಗೆ ಹೋಗಿ ನಿಲ್ಲೋ ಧೈರ್ಯ ಬರುತ್ತಿಲ್ಲ. ಇವತ್ತು ಬಿಟ್ಟ ಜ್ವರದ ಅರ್ಥ ಇಲ್ಲಿ ನನಗೂ ಡಾಕ್ಟರಿಗೂ ಮಾತ್ರ ಗೊತ್ತು.

ಊಟ ಮಾಡು. ಲೀಲಾ ಆಂಟಿ ಮಾತು ಕೇಳು.

ಅಪೂರ್ವ

—

ವಿಲೆಟನ್, ಪರ್ತ್
೧೪ ಏಪ್ರಿಲ್ ೨೦೨೪, ಭಾನುವಾರ

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸು. ಪವನ ಮನೆಗೆ ಬಂದ ಅನ್ನೋ ಒಂದು ಸಾಲನ್ನಷ್ಟೇ ಭಾವನಾ ನಿನಗೆ ಮೆಸೇಜ್ ಮಾಡಿದ್ದಳು ಅಂತ ಗೊತ್ತು.

ಆ ಶುಕ್ರವಾರ ಬಿಟ್ಟ ಜ್ವರ ಶನಿವಾರ ಮಧ್ಯಾಹ್ನ ತಿರುಗಿ ಬಂತು. ಕಣ್ಣಿನ ಬಿಳಿ ಹಳದಿಯಾಯಿತು. ಮೂಗಿನಿಂದ ರಕ್ತ ಇಳಿದು ದಿಂಬು ಒದ್ದೆಯಾಯಿತು. ಐಸಿಯುಗೆ ಹಾಕಿದರು. ಮೂತ್ರಪಿಂಡ ಕೈಬಿಟ್ಟಾಗ ಅದರ ಕೆಲಸಕ್ಕೆ ಒಂದು ಮೆಷಿನ್, ಉಸಿರು ಸೋತಾಗ ಅದಕ್ಕೊಂದು ಮೆಷಿನ್. ಮಲಗಿದ್ದ ನರದ ಕಾಯಿಲೆಯೂ ಎದ್ದು ಕೂತಿತ್ತು. ನೀನು ಹೇಳಿದ್ದರಿಂದ ಅವರು ಅದಕ್ಕೆ ತಯಾರಾಗಿದ್ದರು. ಇದನ್ನು ನಿನಗೆ ತಿಳಿಸಲೇಬೇಕು ಅಂತ ರಮಾಕಾಂತ್ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು: "ಅಮ್ಮಾರಿಗೆ ಹೇಳ್ರಿ. ಅವತ್ತು ಅವರು ಬಾಯಿ ಬಿಡಲಿಲ್ಲಂದ್ರ ನಾ ಆ ಔಷಧ ಕೊಟ್ಟಬಿಡ್ತಿದ್ದೆ." ಅವನನ್ನು ಅಪಾಯಕ್ಕೆ ತಳ್ಳಿದ್ದೂ ನಿನ್ನ ಮೌನ, ಹಿಡಿದು ಎಳೆದುಕೊಂಡದ್ದೂ ನಿನ್ನ ಮಾತು. ಯಾವುದನ್ನು ಯಾವುದರಿಂದ ಕಳೆಯಬೇಕೋ ನನಗೆ ಗೊತ್ತಿಲ್ಲ.

ಒಂದು ದಿನ ನಮ್ಮನ್ನೆಲ್ಲ ಒಂದು ಸಣ್ಣ ಕೋಣೆಗೆ ಕರೆದು ಕೂರಿಸಿದರು. ಅಲ್ಲಿ ಟಿಶ್ಯೂ ಡಬ್ಬ ಮೊದಲೇ ಇಟ್ಟಿತ್ತು. ಇನ್ನೆರಡು ದಿನ ನೋಡಬೇಕು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದರು. ಅವತ್ತೇ ನೀನು ಅಡಿಲೇಡ್ ಏರ್‌ಪೋರ್ಟಿಗೆ ಹೋಗಿ, ಭಾವನಾ "ಈಗ ಬರಬೇಡಿ" ಅಂದಿದ್ದಕ್ಕೆ ವಾಪಸ್ ಹೋದದ್ದು. ಲೀಲಾ ಆಂಟಿ ಹೇಳಿದರು, ಚೀಲ ಮಡಿಲಲ್ಲಿಟ್ಟುಕೊಂಡು ವಿಮಾನ ಹೊರಡೋ ತನಕ ಅಲ್ಲೇ ಕೂತಿದ್ದೆ ಅಂತ. ನಾನು ಭಾವನಾ ಜೊತೆ ಜಗಳ ಆಡಬಹುದಿತ್ತು. ಆಡಲಿಲ್ಲ. ಅವಳ ಮುಖ ನೋಡಿದ್ದರೆ ನೀನೂ ಆಡುತ್ತಿರಲಿಲ್ಲ.

ಆ ಎರಡು ದಿನದ ಮೇಲೆ ರಕ್ತದ ರಿಪೋರ್ಟು ಕೆಡೋದು ನಿಂತಿತು. ಆಮೇಲೆ ಹನಿಹನಿಯಾಗಿ ಸುಧಾರಿಸಿತು. ಉಸಿರಿನ ಮೆಷಿನ್ ತೆಗೆದ ದಿನ ಅವನು ಕೇಳಿದ ಮೊದಲ ಮಾತು, "ಗಿನಿಗೆ ಯಾರನ್ನ ಕಳಿಸ್ತಿದಾರೆ?" ಅಂತ. ಬೇರೆ ಯಾರನ್ನೋ ಕಳಿಸಿದಾರೆ. ಗೋಡೆಯ ಕಡೆ ತಿರುಗಿ ಮಲಗಿದ.

ಈಗ ಮನೆಯಲ್ಲಿದಾನೆ. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ತೂಗುತ್ತೆ. ಬೆಳಿಗ್ಗೆ ಲೆಟರ್‌ಬಾಕ್ಸ್ ತನಕ ನಡೆದು ಬಂದು ಕೂತು ಸುಧಾರಿಸಿಕೊಳ್ತಾನೆ. ಶರ್ವಾಣಿ ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡ್ತಾಳೆ. ಅವನು ಎದ್ದರೆ ಎದ್ದು, ಕೂತರೆ ಕೂರ್ತಾಳೆ. ಜೀವನವಿಡೀ ನರದ ಡಾಕ್ಟರ ಕಣ್ಣಿನ ಕೆಳಗೆ ಇರಬೇಕಂತೆ. ಗೊತ್ತಿದ್ದರೆ ಬದುಕಬಹುದಾದ ಕಾಯಿಲೆ ಅಂತ ಅವರು ಹೇಳಿದರು.

ನಿನ್ನೆ ಅವನನ್ನು ಕೇಳಿದೆ, "ಅಮ್ಮನಿಗೆ ಕಾಗದ ಬರೀತೀನಿ. ಏನಂತ ಬರೀಲಿ?"

"ಕೋಪ ಇಲ್ಲ ಅಂತ ಮಾತ್ರ ಬರೀಬೇಡ. ಇದೆ. ಹದಿನೈದು ವರ್ಷದ ಹುಡುಗನಿಗೆ ಹೇಳಕ್ಕಾಗಲ್ಲ, ಒಪ್ಪಿದೆ. ಮದುವೆ ಆಗೋವಾಗ ಹೇಳ್ಬಹುದಿತ್ತು. ಅಪ್ಪ ಸಾಯೋವಾಗ ಹೇಳ್ಬಹುದಿತ್ತು. ಗಿನಿಗೆ ಹೋಗ್ತೀನಿ, ಇಂಜೆಕ್ಷನ್ ತಗೋತೀನಿ ಅಂದಾಗ ಡಾಕ್ಟ್ರಿಗೆ ಇಷ್ಟು ಹೇಳು ಅನ್ಬಹುದಿತ್ತು" ಅಂದ. ಆಮೇಲೆ, "ಅವಳು ಫೋನ್ ಮಾಡೋದು ಬೇಡ. ನಾನೇ ಮಾಡ್ತೀನಿ. ಯಾವಾಗ ಅಂತ ಕೇಳ್ಬೇಡ ಅನ್ನು" ಅಂದ.

ಹಾಗೇ ಬರೆದಿದೀನಿ. ಸಕ್ಕರೆ ಹಾಕಿಲ್ಲ, ಉಪ್ಪೂ ಹಾಕಿಲ್ಲ.

ಮುಂದಿನ ವಾರ ಬ್ರಿಸ್ಬೇನಿಗೆ ಹೋಗ್ತೀನಿ. ನನ್ನ ಪೆಟ್ಟಿಗೆಗಳು ಕಾಯುತ್ತಿವೆ. ಟಲ್ಲೋಕ್ ಡಾಕ್ಟರ ಫೋಲ್ಡರಿನ ಮೇಲಿಂದ "ಇತರೆ" ಅನ್ನೋದನ್ನು ತೆಗೆದು ಅವರ ಹೆಸರು ಹಾಕಬೇಕು.

ಮಗಳು ತಾಯಿಯನ್ನು ಹರಸಬಾರದು ಅಂತಾರೆ. ಆದರೂ ಹರಸ್ತೀನಿ: ನಿನಗೆ ರಾತ್ರಿ ನಿದ್ದೆ ಬರಲಿ. ನಿನ್ನ ಮಗ ಬದುಕಿದಾನೆ ಅನ್ನೋ ಸಮಾಧಾನ ಉಳಿದ ಎಲ್ಲದಕ್ಕಿಂತ ಮೇಲೆ ನಿಲ್ಲಲಿ.

ನಿನ್ನ
ಅಪೂರ್ವ

ತಾ.ಕ.: ಇದನ್ನು ಬರೆಯೋದೇ ಬೇಡ ಅಂತ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಏರ್‌ಪೋರ್ಟಿನಿಂದ ವಾಪಸ್ ಹೋಗು ಅಂದ ದಿನ ನೀನು ಭಾವನಾಗೆ ಫೋನಿನಲ್ಲಿ ಅಂದೆಯಂತೆ, "ನಾನೇನು ನನಗೋಸ್ಕರ ಮುಚ್ಚಿಟ್ನಾ? ಅಪೂರ್ವನ ಮದುವೆಗೋಸ್ಕರ. ಮನೇಲಿ ಅಂಥ ಕಾಯಿಲೆ ಇದೆ ಅಂದಿದ್ರೆ ಅವಳನ್ನ ಯಾರು ಮಾಡ್ಕೋತಿದ್ರು?" ಅಂತ. ಮೊನ್ನೆ ಬಟ್ಟೆ ಮಡಿಸುತ್ತಾ ಭಾವನಾ ನನ್ನನ್ನು ಕೇಳಿದಳು, "ಅಕ್ಕ, ನಿಮಗೆ ಗೊತ್ತಿತ್ತಾ?" ಗೊತ್ತಿರಲಿಲ್ಲ ಅಂದೆ. ಅವಳು ಹೂಂ ಅಂದಳು. ಮುಖ ನೋಡಲಿಲ್ಲ. ಆ ಮಾತು ಪವನನಿಗೂ ಮುಟ್ಟಿದೆ. ನನ್ನನ್ನು ಅಕ್ಕಾ ಅಂತ ಕರೆಯೋವಾಗ ಈಗ ಸ್ವಲ್ಪ ತಡೀತಾನೆ.

ಪವನನ ಆಪರೇಷನ್ ಆದ ವರ್ಷ ನನಗೆ ಇತಿಹಾಸ ಎಂ.ಎ. ಸೀಟು ಸಿಕ್ಕಿತ್ತು. ಎರಡು ವರ್ಷ ತಡಿ ಅಂತ ನಿನ್ನ ಕಾಲು ಹಿಡಿದಿದ್ದೆ. ಅಡಿಲೇಡಿನ ಡಾಕ್ಟರ್ ವರ, ಕಾಯೋದಿಲ್ಲ ಅಂದೆ ನೀನು. ಯಾಕೆ ಅಷ್ಟು ಅವಸರ ಅಂತ ಈಗ ತಿಳಿಯಿತು. ಆ ಮದುವೆ ಒಂಬತ್ತು ವರ್ಷ ಬಾಳಿತು, ಅದು ಹೇಗಿತ್ತು ಅಂತ ನಿನ್ನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ. ಅದಕ್ಕೋಸ್ಕರ ನನ್ನ ತಮ್ಮ ಸಾಯುತ್ತಿದ್ದ.

ಒಂದು ಸಲ ನನ್ನನ್ನು ಕೇಳಬಹುದಿತ್ತಮ್ಮ. ನಾನು ಏನನ್ನುತ್ತಿದ್ದೆ ಅಂತ ನಿನಗೆ ಗೊತ್ತಿತ್ತು. ಅದಕ್ಕೇ ನೀನು ಕೇಳಲಿಲ್ಲ.